ಸನ್ಮಿ ಎರಡು ಸಲ ಸೋಲೋ ಆದಳು

ಪಾರ್ಕ್ ಜಿನ್-ಯಂಗ್ ಟಾಯ್ಲೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಪೇಪರ್ ಖಾಲಿ. ಹೊರಗೆ ಜನ ಕಾಯುತ್ತಿದ್ದಾರೆ, ಮೈಕ್ ಮುಂದೆ ಹಾಡುಗಾರನೇ ಇಲ್ಲ. ಬೇರೆ ದಾರಿ ಕಾಣದೆ, ಹಿಂದೆ ನಿಂತು ಕೋರಸ್ ಹಾಡಬೇಕಿದ್ದ ಐದು ಹುಡುಗಿಯರೇ ಮುಂದೆ ಬಂದು ಹಾಡುತ್ತಾರೆ. ಮಿರಮಿರ ಮಿಂಚುವ ಬಟ್ಟೆ, ಹಳೇ ಕಾಲದ ಮೈಕು, ಚಪ್ಪಾಳೆ ತಟ್ಟಿ ಬೆರಳು ತೋರಿಸುವ ಒಂದು ಸ್ಟೆಪ್ಪು. 2008ರಲ್ಲಿ ಬಂದ 'ನೋಬಡಿ' ವಿಡಿಯೋದ ಕಥೆ ಇಷ್ಟೇ. ಆ ಐದು ಹುಡುಗಿಯರೇ ವಂಡರ್ ಗರ್ಲ್ಸ್, ಕೊರಿಯಾದ ಒಂದು ಗರ್ಲ್ ಗ್ರೂಪ್, ಅಂದರೆ ಹಾಡಿ ಕುಣಿಯುವ ಹುಡುಗಿಯರ ತಂಡ. ಟಾಯ್ಲೆಟ್‌ನಲ್ಲಿ ಕೂತಿದ್ದ ಮನುಷ್ಯ ಅವರ ಕಂಪನಿಯ ಯಜಮಾನ. ಹಾಡು ಬರೆದವರೂ ಅವರೇ. ತಮ್ಮನ್ನೇ ತಮಾಷೆ ಮಾಡಿಕೊಳ್ಳುವ ಧೈರ್ಯ ಇದೆಯಲ್ಲ, ಅದಕ್ಕೆ ಒಂದು ಮಾರ್ಕ್ ಕೊಡಲೇಬೇಕು.

ಆ ಐವರಲ್ಲಿ ಒಬ್ಬಳು ಸನ್ಮಿ. ಆಗ ಅವಳಿಗೆ 16 ವರ್ಷ. ಈಗ ಆ ವಿಡಿಯೋ ನೋಡಿದರೆ ಕಣ್ಣು ಅವಳನ್ನೇ ಹುಡುಕುತ್ತದೆ, ಮುಂದೆ ಏನಾಯಿತು ಅಂತ ನಮಗೆ ಗೊತ್ತಿರುವುದರಿಂದ. ಆದರೆ ಗೊತ್ತಿಲ್ಲದವರಿಗೆ ತೋರಿಸಿ, ಇವರಲ್ಲಿ ಹತ್ತು ವರ್ಷ ಆದಮೇಲೂ ಒಬ್ಬಳೇ ನಿಂತು ಸ್ಟೇಜ್ ಆಳುವವಳು ಯಾರು ಅಂತ ಕೇಳಿದರೆ ಅವಳ ಕಡೆ ಬೆರಳು ಮಾಡುವವರು ಕಡಿಮೆ ಅಂತ ನನಗನ್ನಿಸುತ್ತದೆ. ಅಷ್ಟರ ಮಟ್ಟಿಗೆ ಅವಳು ಆ ಐವರ ಸಾಲಿನಲ್ಲಿ ಬೆರೆತು ಹೋಗಿದ್ದಳು. ಬೆರೆಯುವುದೇ ಅಲ್ಲಿ ಕೆಲಸ, ಅಲ್ವಾ?

ಸನ್ಮಿ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಗರ್ಲ್ ಗ್ರೂಪ್ ಬಿಟ್ಟು ಸೋಲೋ ಆದವರ, ಅಂದರೆ ಒಬ್ಬರೇ ಹಾಡಲು ಹೊರಟವರ, ಕಥೆಯನ್ನು ನಾವು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಹೇಳುತ್ತೇವೆ. ಪಾಪದ ಹುಡುಗಿ, ಕಂಪನಿ ಹೇಳಿದ ಹಾಗೆ ಕುಣಿಯುತ್ತಿದ್ದಳು, ಆಮೇಲೆ ಹೊರಗೆ ಬಂದಳು, ತನ್ನತನ ಕಂಡುಕೊಂಡಳು, ಗೆದ್ದಳು. ಸನ್ಮಿ ಕಥೆ ಈ ಅಚ್ಚಿಗೆ ಕೂರುವುದಿಲ್ಲ. ಅವಳು ಗ್ರೂಪ್ ಬಿಟ್ಟಳು, ಸೋಲೋ ಆದಳು, ಮತ್ತೆ ಅದೇ ಗ್ರೂಪಿಗೆ ವಾಪಸ್ ಹೋದಳು, ಗ್ರೂಪ್ ಮುಚ್ಚಿದ ಮೇಲೆ ಮತ್ತೊಮ್ಮೆ ಸೋಲೋ ಆದಳು. ನನ್ನ ವಾದ ಏನೆಂದರೆ, ಇವತ್ತು ನಮಗೆ ಗೊತ್ತಿರುವ ಸನ್ಮಿ ತಯಾರಾದದ್ದು ಆ ವಾಪಸ್ ಹೋದ ಎರಡು ವರ್ಷಗಳಲ್ಲಿ. ಗ್ರೂಪಿನ ಹೊರಗೆ ಅಲ್ಲ, ಒಳಗೇ.

ಮೊದಲಿಂದ ಹೇಳುತ್ತೇನೆ.

ವಂಡರ್ ಗರ್ಲ್ಸ್ ಶುರುವಾದದ್ದು 2007ರ ಫೆಬ್ರವರಿಯಲ್ಲಿ. ಸನ್ಮಿ ಹುಟ್ಟಿದ್ದು 1992ರ ಮೇ ತಿಂಗಳಲ್ಲಿ, ಅಂದರೆ ಆಗ ಇನ್ನೂ 15 ತುಂಬಿರಲಿಲ್ಲ. ಅವಳ ತಂದೆ ಕಾಯಿಲೆಯಿಂದ ತೀರಿಕೊಂಡದ್ದು ಅವಳು ಕಂಪನಿಯಲ್ಲಿ ಹಾಡು, ಕುಣಿತ ಕಲಿಯುವ ಟ್ರೈನೀ ಆಗಿದ್ದಾಗ. ಮನೆಯಲ್ಲಿ ಇಬ್ಬರು ತಮ್ಮಂದಿರು. ಬೇಗ ದುಡಿಯಬೇಕು ಅನ್ನುವುದೇ ಈ ಕಡೆ ಬರಲು ಕಾರಣ ಅಂತ ಅವಳೇ ಆಮೇಲೆ ಟೀವಿಯಲ್ಲಿ ಹೇಳಿಕೊಂಡಳು. ಕಲೆಯ ಹುಚ್ಚು, ಬಾಲ್ಯದ ಕನಸು ಅಂತೆಲ್ಲಾ ಬರೆಯುವವರು ಈ ಭಾಗವನ್ನು ಬೇಗ ದಾಟಿಸಿಬಿಡುತ್ತಾರೆ. ಹೊಟ್ಟೆಪಾಡಿಗೆ ಹಾಡಲು ಬಂದವಳು ಅನ್ನುವುದರಲ್ಲಿ ನನಗಂತೂ ಯಾವ ಕೊರತೆಯೂ ಕಾಣುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 'ಟೆಲ್ ಮಿ' ಬಂತು. ಕೊರಿಯಾಕ್ಕೆ ಕೊರಿಯಾವೇ ಆ ಸ್ಟೆಪ್ಪು ಕುಣಿಯಿತು. ಪೊಲೀಸರು, ಸೈನಿಕರು, ಶಾಲೆ ಮಕ್ಕಳು ಎಲ್ಲರೂ ವಿಡಿಯೋ ಮಾಡಿ ಹಾಕಿದರು, ಇನ್ನೂ ಟಿಕ್‌ಟಾಕ್ ಅನ್ನುವ ಹೆಸರೇ ಹುಟ್ಟದ ಕಾಲದಲ್ಲಿ. ಆ ಹಾಡಲ್ಲಿ ಒಂದು ಕಡೆ ಐವರಲ್ಲಿ ಒಬ್ಬಳಾದ ಸೋಹಿ ಕೆನ್ನೆಗೆ ಕೈಯಿಟ್ಟು 'ಒಮೋನಾ' ಅಂತ ಒಂದು ಉದ್ಗಾರ ತೆಗೆಯುತ್ತಾಳೆ. ಒಂದೇ ಒಂದು ಪದ. ಅದರಿಂದ ಅವಳು ಮನೆಮಾತಾದಳು. ಗ್ರೂಪಿನ ಲೆಕ್ಕಾಚಾರ ಅರ್ಥ ಆಗಬೇಕಾದರೆ ಇದೊಂದು ಸಾಕು. ಮೂರೂವರೆ ನಿಮಿಷದ ಹಾಡು, ಐದು ಜನ, ಒಬ್ಬೊಬ್ಬರಿಗೆ ಸಿಗುವುದು ಅರ್ಧ ಮುಕ್ಕಾಲು ನಿಮಿಷ. ಅದರಲ್ಲೇ ನೀವು ನೆನಪಲ್ಲಿ ಉಳಿಯಬೇಕು. ಕೊರಿಯಾದಲ್ಲಿ ಇದಕ್ಕೆ 'ಕಿಲ್ಲಿಂಗ್ ಪಾರ್ಟ್' ಅನ್ನುತ್ತಾರೆ. ಯಾರಿಗೆ ಯಾವ ಸಾಲು ಅಂತ ಕಂಪನಿ ತೀರ್ಮಾನ ಮಾಡುತ್ತದೆ. ಫ್ಯಾನ್‌ಗಳು ಯಾರಿಗೆ ಎಷ್ಟು ಸೆಕೆಂಡು ಸಿಕ್ಕಿತು ಅಂತ ಲೆಕ್ಕ ಹಾಕಿ ವಿಡಿಯೋ ಮಾಡಿ ಜಗಳ ಆಡುತ್ತಾರೆ. ಸುಮ್ನೆ ಅಲ್ಲ, ಆ ಸೆಕೆಂಡುಗಳ ಮೇಲೇ ಮುಂದಿನ ಜಾಹೀರಾತು, ಸಿನಿಮಾ, ಸೋಲೋ ಎಲ್ಲಾ ನಿಂತಿರುತ್ತದೆ.

ಆಮೇಲೆ ಅಮೆರಿಕ. 2009ರಲ್ಲಿ ಪಾರ್ಕ್ ಜಿನ್-ಯಂಗ್ ಇವರನ್ನು ಕರೆದುಕೊಂಡು ಹೋಗಿ ಜೋನಸ್ ಬ್ರದರ್ಸ್ ಅನ್ನುವ ಅಲ್ಲಿನ ಬ್ಯಾಂಡಿನ ಟೂರಿನಲ್ಲಿ ಮೊದಲು ಹಾಡುವ ಗ್ರೂಪಾಗಿ ನಿಲ್ಲಿಸಿದರು. ಕೊರಿಯಾದಲ್ಲಿ ನಂಬರ್ ಒನ್ ಆಗಿದ್ದವರು ಅಲ್ಲಿ ಬೇರೆಯವರನ್ನು ನೋಡಲು ಬಂದ ಜನರ ಮುಂದೆ ಇಂಗ್ಲಿಷಿನಲ್ಲಿ 'ನೋಬಡಿ' ಹಾಡಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 76ನೇ ಸ್ಥಾನಕ್ಕೆ ಬಂತು. ಆ ಪಟ್ಟಿಗೆ ಬಂದ ಮೊದಲ ಕೊರಿಯನ್ ಗ್ರೂಪ್ ಇವರೇ. ಇವತ್ತು ಆ ಪಟ್ಟಿಯ ತುದಿ ಮುಟ್ಟುವ ಗುಂಪುಗಳಿವೆ, ಆದ್ದರಿಂದ 76 ಅಂದರೆ ನಗು ಬರಬಹುದು. ಆದರೆ ಆಗ ಅಲ್ಲಿ ದಾರಿಯೇ ಇರಲಿಲ್ಲ. ಅದಕ್ಕೆ ಕೊಟ್ಟ ಬೆಲೆಯೂ ಕಡಿಮೆಯದಲ್ಲ. ಇವರು ಅಲ್ಲಿ ಊರೂರು ಅಲೆಯುತ್ತಿದ್ದಾಗ ಇಲ್ಲಿ ಕೊರಿಯಾದಲ್ಲಿ ಗರ್ಲ್ಸ್ ಜನರೇಶನ್ ಅನ್ನುವ ಇನ್ನೊಂದು ಗ್ರೂಪ್ 'ಜೀ' ಹಾಡಿ ಖಾಲಿ ಬಿದ್ದ ಸಿಂಹಾಸನದ ಮೇಲೆ ಕೂತಾಗಿತ್ತು.

2010ರ ಜನವರಿಯಲ್ಲಿ ಸುದ್ದಿ ಬಂತು. ಸನ್ಮಿ ಗ್ರೂಪ್ ಬಿಡುತ್ತಿದ್ದಾಳೆ, ಓದು ಮುಂದುವರಿಸುತ್ತಾಳೆ. ಜಾಗಕ್ಕೆ ಹೇರಿಮ್ ಬಂದಳು. ಸನ್ಮಿಗೆ ಆಗ 17. ಗ್ರೂಪಿನ ಅತ್ಯಂತ ಮೇಲಿನ ಕ್ಷಣ ಅಂತ ಎಲ್ಲರೂ ಕರೆಯುವ ಘಟನೆಗೆ ಮೂರು ತಿಂಗಳೂ ಆಗಿರಲಿಲ್ಲ.

ಇಂಥ ಸುದ್ದಿ ಬಂದಾಗ ಜನ ಹೇಗೆ ಮಾತಾಡುತ್ತಾರೆ ಅಂತ ಕೂಡು ಕುಟುಂಬದಿಂದ ಬೇರೆ ಮನೆ ಮಾಡಿದವರನ್ನು ಕೇಳಿ. ಒಳಗೆ ಏನೋ ಆಗಿದೆ, ಯಾರೋ ಯಾರಿಗೋ ಏನೋ ಅಂದಿದ್ದಾರೆ, ಇಲ್ಲದಿದ್ದರೆ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಯಾಕೆ ಹೋಗುತ್ತಾರೆ. ಸನ್ಮಿ ವಿಷಯದಲ್ಲೂ ಹಾಗೇ ಆಯಿತು. ದಣಿದಿರಬಹುದು ಅನ್ನುವುದು ಮಾತ್ರ ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಹದಿನಾಲ್ಕರಿಂದ ಹದಿನೇಳರವರೆಗೆ ಬಸ್ಸಲ್ಲಿ, ಮೇಕಪ್ ಕುರ್ಚಿಯಲ್ಲಿ, ಪ್ರಾಕ್ಟೀಸ್ ರೂಮಿನಲ್ಲಿ ಕಳೆದ ಹುಡುಗಿ ಶಾಲೆಗೆ ಹೋಗುತ್ತೇನೆ ಅಂದರೆ ಅದನ್ನು ಹಾಗೇ ನಂಬಿದರೆ ಏನು ನಷ್ಟ?

ಮೂರು ವರ್ಷಕ್ಕೂ ಜಾಸ್ತಿ ಅವಳು ಕಾಣಿಸಲಿಲ್ಲ. 2013ರ ಆಗಸ್ಟಿನಲ್ಲಿ '24 ಅವರ್ಸ್' ಬಂತು. ಮೊದಲ ಸೋಲೋ. ಕಂಪನಿ ಅದೇ, ಹಾಡು ಬರೆದವರು ಅದೇ ಪಾರ್ಕ್ ಜಿನ್-ಯಂಗ್. ಬರಿಗಾಲಲ್ಲಿ ಕುಣಿಯಬೇಕು ಅನ್ನುವುದು ಐಡಿಯಾ. ಹೈ ಹೀಲ್ಸ್ ಇಲ್ಲದೆ ಐಡಲ್ ಹುಡುಗಿಯೊಬ್ಬಳು, ಅಂದರೆ ಕಂಪನಿ ತರಬೇತಿ ಕೊಟ್ಟು ತಯಾರಿಸಿದ ಪಾಪ್ ತಾರೆ, ಸ್ಟೇಜ್ ಹತ್ತುವುದು ಆಗ ಸುದ್ದಿಯೇ. ಮುಂದಿನ ವರ್ಷ ಫೆಬ್ರವರಿಯಲ್ಲಿ 'ಫುಲ್ ಮೂನ್', ಬ್ರೇವ್ ಬ್ರದರ್ಸ್ ಅನ್ನುವ ಸಂಗೀತ ಸಂಯೋಜಕರು ಬರೆದದ್ದು. ಎರಡೂ ಹಾಡು ಓಡಿದವು. ಎರಡೂ ನನಗೆ ಇಷ್ಟ.

ಆದರೆ ಈಗ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅಲ್ಲಿರುವುದು ಸನ್ಮಿಗಾಗಿ ಬೇರೆಯವರು ಹೊಲಿದ ಬಟ್ಟೆ. ಅಳತೆ ಸರಿಯಾಗಿದೆ, ಬಣ್ಣ ಒಪ್ಪುತ್ತದೆ, ಅವಳು ಉಸಿರು ಬಿಗಿ ಹಿಡಿದು ಹಾಕಿಕೊಂಡಿದ್ದಾಳೆ. ಮುಖ ನೋಡಿ. ಎಲ್ಲಾ ಸ್ಟೆಪ್ಪೂ ಸರಿ, ಕಣ್ಣು ಕ್ಯಾಮೆರಾದಲ್ಲೇ, ಆದರೆ ತಪ್ಪು ಮಾಡಬಾರದು ಅನ್ನುವ ಎಚ್ಚರ ಹುಬ್ಬಿನ ಮೇಲೆ ಕೂತಿದೆ. ಐದು ಜನರಲ್ಲಿ ಒಬ್ಬಳು ತಪ್ಪಿದರೆ ನಾಲ್ವರು ಮುಚ್ಚುತ್ತಾರೆ. ಒಬ್ಬಳೇ ಇದ್ದಾಗ ಹಿಂದೆ ತಿರುಗಿದರೆ ಡ್ಯಾನ್ಸರ್‌ಗಳು ಇರುತ್ತಾರೆ ಅಷ್ಟೆ. ಅವರು ನಿಮ್ಮ ಸಾಲನ್ನು ಹಾಡಿಕೊಡುವುದಿಲ್ಲ. ಗ್ರೂಪಿನಲ್ಲಿ ನೀವು ಮುಂದೆ ಬಂದು ಅರ್ಧ ನಿಮಿಷ ಹಾಡಿ ಹಿಂದೆ ಸರಿದು ಉಸಿರು ತೆಗೆದುಕೊಳ್ಳಬಹುದು. ಸೋಲೋದಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಕೆ-ಪಾಪ್, ಅಂದರೆ ಕೊರಿಯನ್ ಪಾಪ್, ಹಾಡುಗಳ ಕಟ್ಟಡವೇ ಗ್ರೂಪಿಗಾಗಿ ಆಗಿರುವುದು, ದನಿಯಿಂದ ದನಿಗೆ ಜಿಗಿಯುತ್ತಾ ಕಿವಿಗೆ ಬೇಸರ ಬರದ ಹಾಗೆ. ಒಂದೇ ದನಿಯಲ್ಲಿ ಮೂರು ನಿಮಿಷ ಎಳೆಯಬೇಕು ಅಂದರೆ ಆ ದನಿಗೆ ಹೇಳಲು ಏನಾದರೂ ಇರಬೇಕು.

ಇಲ್ಲಿ ಬೇರೆಯವರ ಬಗ್ಗೆ ಎರಡು ಮಾತು. ಗ್ರೂಪಿನಿಂದ ಸೋಲೋಗೆ ಜಿಗಿಯುವುದಕ್ಕೆ ದಾರಿ ತೋರಿಸಿದವಳು ಲೀ ಹ್ಯೋರಿ. ಫಿನ್‌ಕೆಎಲ್ ಅನ್ನುವ ಗ್ರೂಪಿನಲ್ಲಿ 1998ರಿಂದ ಹಾಡುತ್ತಿದ್ದವಳು 2003ರಲ್ಲಿ '10 ಮಿನಿಟ್ಸ್' ಹಾಡಿ ಇಡೀ ವರ್ಷವನ್ನೇ ತನ್ನ ಹೆಸರಿಗೆ ಬರೆದುಕೊಂಡಳು. ಆಮೇಲೆ ಹ್ಯೂನಾ. ಬಹಳ ಜನಕ್ಕೆ ಗೊತ್ತಿಲ್ಲ, ವಂಡರ್ ಗರ್ಲ್ಸ್ ಶುರುವಾದಾಗ ಅವಳೂ ಅದರಲ್ಲಿದ್ದಳು. 2007ರಲ್ಲೇ ಆರೋಗ್ಯದ ಕಾರಣಕ್ಕೆ ಬಿಟ್ಟಳು, ಅವಳ ಜಾಗಕ್ಕೆ ಯೂಬಿನ್ ಬಂದಳು. ಹ್ಯೂನಾ ಆಮೇಲೆ 4ಮಿನಿಟ್ ಸೇರಿ, ಅದರ ಜೊತೆಜೊತೆಗೇ ಸೋಲೋ ಹಾಡಿದಳು. 'ಗಂಗ್ನಮ್ ಸ್ಟೈಲ್' ವಿಡಿಯೋದಲ್ಲಿ ಮೆಟ್ರೋ ರೈಲಿನಲ್ಲಿ ಗಾಯಕ ಸೈ ಎದುರು ಕುಣಿಯುವ ಹುಡುಗಿ ನೆನಪಿದೆಯಾ? 2012ರಲ್ಲಿ ನಮ್ಮ ಗಣೇಶನ ಪೆಂಡಾಲುಗಳಲ್ಲೂ ಆ ಹಾಡು ಕೇಳಿದವರಿಗೆ ಅವಳ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಹ್ಯೂನಾ ಹುಟ್ಟಿನಿಂದಲೇ ಸೋಲೋ. ಎಷ್ಟು ಜನರ ನಡುವೆ ನಿಲ್ಲಿಸಿದರೂ ಕಣ್ಣು ಅವಳ ಕಡೆಗೇ ಹೋಗುತ್ತದೆ. ಸನ್ಮಿ ಹಾಗಲ್ಲ. ಸನ್ಮಿ ಕಲಿತು ಆದವಳು. ನನಗೆ ಕಲಿತು ಆದವರ ಮೇಲೆ ಪ್ರೀತಿ ಜಾಸ್ತಿ.

ಎಲ್ಲಿ ಕಲಿತಳು ಅನ್ನುವುದೇ ಈಗ ಬರುವ ಭಾಗ.

2015ರ ಹೊತ್ತಿಗೆ ವಂಡರ್ ಗರ್ಲ್ಸ್ ಅನ್ನುವುದು ಹೆಚ್ಚುಕಡಿಮೆ ಹೆಸರಾಗಿಯಷ್ಟೇ ಉಳಿದಿತ್ತು. ಲೀಡರ್ ಸನ್ಯೆ 2013ರ ಜನವರಿಯಲ್ಲಿ ಮದುವೆ ಆದಳು. ಹೆಸರಿನ ತುತ್ತತುದಿಯಲ್ಲಿರುವಾಗ ಐಡಲ್ ಹುಡುಗಿ ಮದುವೆ ಆಗುವುದು ಆಗ ಯಾರೂ ಕೇಳದ್ದು. ಸೋಹಿ ನಟನೆ ಅಂತ ಬೇರೆ ಕಂಪನಿಗೆ ಹೋದಳು. ಹೀಗಿರುವಾಗ ಸನ್ಮಿ ವಾಪಸ್ ಬಂದಳು. ಸೋಲೋ ಚೆನ್ನಾಗಿಯೇ ನಡೆಯುತ್ತಿದ್ದಾಗ, ಮುಳುಗುತ್ತಿರುವ ಹಡಗು ಅಂತ ಎಲ್ಲರೂ ಅನ್ನುತ್ತಿದ್ದ ಗ್ರೂಪಿಗೆ. ಯೆಯುನ್, ಯೂಬಿನ್, ಹೇರಿಮ್, ಸನ್ಮಿ, ನಾಲ್ಕು ಜನ. ಆಗಸ್ಟಿನಲ್ಲಿ 'ರೀಬೂಟ್' ಅನ್ನುವ ಆಲ್ಬಮ್ ಬಂತು, ಮತ್ತು ಈ ಸಲ ಅವರ ಕೈಯಲ್ಲಿ ವಾದ್ಯಗಳಿದ್ದವು. ಯೆಯುನ್ ಕೀಬೋರ್ಡ್, ಯೂಬಿನ್ ಡ್ರಮ್ಸ್, ಹೇರಿಮ್ ಗಿಟಾರ್. ಸನ್ಮಿಗೆ ಬೇಸ್.

ಬೇಸ್ ಗಿಟಾರ್ ಅವಳ ಕೈಗೆ ಬಂದದ್ದು ನನಗೆ ತುಂಬಾ ಇಷ್ಟವಾದ ವಿಷಯ. ಬೇಸ್ ನುಡಿಸುವವರು ಯಾವ ಬ್ಯಾಂಡಿನಲ್ಲೂ ಮೊದಲು ಕಣ್ಣಿಗೆ ಬೀಳುವುದಿಲ್ಲ. ಆದರೆ ಅವರು ಕೈ ನಿಲ್ಲಿಸಿದರೆ ಹಾಡು ಟೊಳ್ಳಾಗುತ್ತದೆ. ಡ್ರಮ್ಸ್ ಜೊತೆ ಸೇರಿ ಹಾಡಿನ ನಡಿಗೆಯನ್ನು ಹಿಡಿದಿಡುವ ಕೆಲಸ ಅದು. 'ಐ ಫೀಲ್ ಯೂ' ಸ್ಟೇಜ್ ವಿಡಿಯೋಗಳಲ್ಲಿ ನೋಡಿ, ಬೇಸ್ ಸೊಂಟದ ಕೆಳಗೆ ಇಳಿಬಿದ್ದಿದೆ, ಅವಳು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾಳೆ, ಕುಣಿಯಬೇಕಾಗಿಲ್ಲ. ವರ್ಷಗಟ್ಟಲೆ ಎಂಟೆಂಟು ಎಣಿಸಿ ಕುಣಿದ ಮೈ ಈಗ ಸುಮ್ನೆ ನಿಲ್ಲಬಹುದು. ಭುಜ ಇಳಿದಿದೆ. '24 ಅವರ್ಸ್'ನಲ್ಲಿ ಹುಬ್ಬಿನ ಮೇಲಿದ್ದ ಎಚ್ಚರ ಇಲ್ಲಿ ಕಾಣುವುದಿಲ್ಲ. ಐಡಲ್ ಬ್ಯಾಂಡ್ ಅಂದರೆ ಜನಕ್ಕೆ ಅನುಮಾನ ಇದ್ದೇ ಇರುತ್ತದೆ, ನಿಜವಾಗಿ ನುಡಿಸುತ್ತಾರಾ ಅಥವಾ ಕೈಯಲ್ಲಿ ಹಿಡಿದು ಫೋಟೋಗೆ ನಿಂತಿದ್ದಾರಾ ಅಂತ. ನನಗೆ ಆ ಚರ್ಚೆಯಲ್ಲಿ ಆಸಕ್ತಿ ಕಡಿಮೆ. ಯಾಕೆಂದರೆ ಅಲ್ಲಿ ನಡೆಯುತ್ತಿದ್ದ ದೊಡ್ಡ ಬದಲಾವಣೆ ವಾದ್ಯದ್ದಲ್ಲ, ಹಾಡು ಬರೆಯುವುದರದ್ದು.

ಟೈಟಲ್ ಹಾಡನ್ನು, ಅಂದರೆ ಆಲ್ಬಮ್ಮಿನ ಮುಖ್ಯ ಹಾಡನ್ನು, ಪಾರ್ಕ್ ಬರೆದರು, ಆಲ್ಬಮ್ಮಿನ ಉಳಿದ ಹಾಡುಗಳಲ್ಲಿ ಹುಡುಗಿಯರೇ ಕೈ ಹಾಕಿದರು. ಮುಂದಿನ ವರ್ಷ, 2016ರ ಜುಲೈಯಲ್ಲಿ, 'ವೈ ಸೋ ಲೋನ್ಲಿ' ಬಂತು. ರೆಗೇ ನಡಿಗೆಯ ಹಾಡು, ಬಿಸಿಲಲ್ಲಿ ಕಾಲು ಚಾಚಿ ಕೂತವರ ಸೋಮಾರಿತನ ಅದಕ್ಕಿದೆ. ಪಾರ್ಕ್ ಬರೆಯದ ಅವರ ಮೊದಲ ಕೊರಿಯನ್ ಟೈಟಲ್ ಹಾಡು ಅದು. ಸಂಯೋಜನೆಯಲ್ಲಿ ಸನ್ಮಿ ಮತ್ತು ಹೇರಿಮ್ ಹೆಸರುಗಳಿವೆ. ಹಾಡು ಕೊರಿಯಾದ ಪಟ್ಟಿಗಳಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಸ್ವಲ್ಪ ಯೋಚನೆ ಮಾಡಿ. ಹೇರಿಮ್ ಅಂದರೆ 2010ರಲ್ಲಿ ಸನ್ಮಿ ಬಿಟ್ಟ ಜಾಗಕ್ಕೆ ಬಂದವಳು. ಬಿಟ್ಟು ಹೋದವಳು ಮತ್ತು ಆ ಜಾಗಕ್ಕೆ ಬಂದವಳು ಒಟ್ಟಿಗೆ ಕೂತು ಬರೆದ ಹಾಡು ಗ್ರೂಪಿನ ಕೊನೆಯ ದೊಡ್ಡ ಹಿಟ್. ಇದನ್ನು ಸಿನಿಮಾದಲ್ಲಿ ಹಾಕಿದರೆ ಅತಿಯಾಯಿತು ಅನ್ನುತ್ತಾರೆ.

ಇಷ್ಟಾಗಿಯೂ ಆರು ತಿಂಗಳಲ್ಲಿ ಮುಗಿಯಿತು. 2017ರ ಜನವರಿಯಲ್ಲಿ ಕಂಪನಿ ಹೇಳಿತು, ಗ್ರೂಪ್ ಇನ್ನು ಇಲ್ಲ. ಯೂಬಿನ್ ಮತ್ತು ಹೇರಿಮ್ ಕಂಪನಿಯಲ್ಲೇ ಉಳಿದರು, ಸನ್ಮಿ ಮತ್ತು ಯೆಯುನ್ ಹೊರಟರು. ಹತ್ತು ವರ್ಷ ತುಂಬಿದ ನೆಪಕ್ಕೆ ಫೆಬ್ರವರಿಯಲ್ಲಿ ಒಂದು ಕೊನೆಯ ಹಾಡು ಬಂತು, ಅಷ್ಟೇ. ಕೊರಿಯಾದಲ್ಲಿ ಫೇರ್ ಟ್ರೇಡ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆ 2009ರಲ್ಲಿ ಕಲಾವಿದರಿಗೂ ಕಂಪನಿಗಳಿಗೂ ಒಂದು ಮಾದರಿ ಒಪ್ಪಂದ ಮಾಡಿತು, ಅದರ ಪ್ರಕಾರ ಗರಿಷ್ಠ ಅವಧಿ ಏಳು ವರ್ಷ. ಅದಕ್ಕೆ ಮುಂಚೆ ಹತ್ತು ಹದಿಮೂರು ವರ್ಷದ ಒಪ್ಪಂದಗಳೂ ಇದ್ದವು. ಏಳು ವರ್ಷ ಆದ ಕೂಡಲೇ ಗ್ರೂಪ್‌ಗಳು ಒಡೆಯುವುದು ಜಾಸ್ತಿಯಾಗಿ ಅದಕ್ಕೆ ಏಳು ವರ್ಷದ ಶಾಪ ಅಂತ ಹೆಸರು ಬಿದ್ದಿದೆ. ಶಾಪ ಏನೂ ಇಲ್ಲ. ಏಳು ವರ್ಷಕ್ಕೆ ಮೊದಲ ಸಲ ಅವರನ್ನು ಯಾರೋ 'ನಿನಗೇನು ಬೇಕು' ಅಂತ ಕೇಳುತ್ತಾರೆ. ನಾಲ್ಕು ಜನ ಇದ್ದರೆ ನಾಲ್ಕು ಉತ್ತರ ಬರುವುದು ಸಹಜ.

ಅದೇ ಜನವರಿಯಲ್ಲಿ ಐ.ಒ.ಐ. ಅನ್ನುವ ಗ್ರೂಪೂ ಮುಗಿಯಿತು. ಟೀವಿ ಸ್ಪರ್ಧೆಯಲ್ಲಿ ಆಯ್ಕೆಯಾಗಿ ಒಂದು ವರ್ಷದ ಮಟ್ಟಿಗೆ ಅಂತಲೇ ಕಟ್ಟಿದ್ದ ಗ್ರೂಪ್ ಅದು. ಅದರಲ್ಲಿದ್ದ ಚಂಗ್‌ಹಾ ಜೂನ್‌ನಲ್ಲಿ ಸೋಲೋ ಆದಳು. ಸನ್ಮಿ ಹೊಸ ಕಂಪನಿ ಸೇರಿ ಆಗಸ್ಟಿನಲ್ಲಿ ಬಂದಳು. ಒಬ್ಬಳು ಒಂದು ವರ್ಷ ಗ್ರೂಪಿನಲ್ಲಿದ್ದವಳು, ಇನ್ನೊಬ್ಬಳದು ನಡುವಿನ ಬಿಡುವು ಸೇರಿ ಹತ್ತು ವರ್ಷದ ಲೆಕ್ಕ. ಆ ಬೇಸಿಗೆಯಲ್ಲಿ ಇಬ್ಬರೂ ಗೆದ್ದರು.

ಸನ್ಮಿಯ ಹಾಡು 'ಗಾಶಿನಾ'. ನೀವು ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ಟೆಡ್ಡಿ ಅನ್ನುವ ಸಂಗೀತ ಸಂಯೋಜಕ ಮತ್ತು ಅವನ ತಂಡದ ಸಂಗೀತ, ಸಾಹಿತ್ಯದಲ್ಲಿ ಸನ್ಮಿ ಹೆಸರೂ ಇದೆ. ಬಿಟ್ಟು ಹೋದ ಪ್ರೇಮಿಗೆ ಹೇಳುವ ಹಾಡು. ಅಳು ಬರಬೇಕಾದ ಕಡೆ ಅವಳಿಗೆ ನಗು ಬರುತ್ತದೆ. ಹಾಡು ಏರುತ್ತಾ ಹೋಗಿ, ಈಗ ಕೂಗುತ್ತಾಳೆ ಅನ್ನುವಷ್ಟರಲ್ಲಿ ದನಿ ಬಿದ್ದುಹೋಗಿ ಬರೀ ವಾದ್ಯ ಉಳಿಯುತ್ತದೆ. ಆಗ ಅವಳು ಕೈ ಚಾಚಿ ಬೆರಳನ್ನೇ ಪಿಸ್ತೂಲು ಮಾಡಿ ಗುರಿ ಇಡುತ್ತಾಳೆ. ಮೈಯಲ್ಲಿ ಆತುರ ಇಲ್ಲ. ವಿಡಿಯೋದಲ್ಲಿ ಅವಳ ಮುಖ ಒಂದು ಕ್ಷಣ ಚಂದದ ಗೊಂಬೆ, ಇನ್ನೊಂದು ಕ್ಷಣ ಹಲ್ಲು ಕಿರಿಯುವ ಹುಚ್ಚಿ, ಮತ್ತೆ ಏನೂ ಆಗಿಲ್ಲ ಅನ್ನುವ ಹಾಗೆ ಸಪ್ಪೆ. ಚೆನ್ನಾಗಿ ಕಾಣಬೇಕು ಅನ್ನುವ ಒತ್ತಡವನ್ನು ಅವಳು ಬಿಟ್ಟುಕೊಟ್ಟಿದ್ದಾಳೆ. ಗರ್ಲ್ ಗ್ರೂಪಿನಲ್ಲಿ ಹೀಗೆ ಮುಖ ಮಾಡಿದರೆ ಪಕ್ಕದವಳ ಸಾಲು ಹಾಳಾಗುತ್ತದೆ. ಇಲ್ಲಿ ಹಾಳಾಗಲು ಪಕ್ಕದಲ್ಲಿ ಯಾರೂ ಇಲ್ಲ. ಮೊದಲ ಸೋಲೋದಲ್ಲಿ ಅವಳಿಗೆ ಕೊರತೆಯಾಗಿ ಕಂಡ ಆ ಖಾಲಿ ಜಾಗವನ್ನು ಈಗ ಕೈಕಾಲು ಚಾಚಿ ಬಳಸಿಕೊಳ್ಳುತ್ತಿದ್ದಾಳೆ.

ಅಕ್ಕನ ಮಗಳು ಕಾಲೇಜ್ ಫೆಸ್ಟಿಗೆ ಈ ಡ್ಯಾನ್ಸ್ ಕಲಿಯುತ್ತಿದ್ದಾಗ ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಸರಿಸಿ ಪ್ರಾಕ್ಟೀಸ್ ನಡೆಯುತ್ತಿತ್ತು. ಸ್ಟೆಪ್ಪೆಲ್ಲಾ ಎರಡೇ ದಿನದಲ್ಲಿ ಬಂತು. ಮುಖ ಬರಲಿಲ್ಲ. "ಚಿಕ್ಕಿ, ಸುಮ್ನೆ ನಿಲ್ಲೋದೇ ಕಷ್ಟ ಕಣೇ" ಅಂದಳು. ನಿಜ. ಬೆರಳು ಚಾಚಿ ನಿಂತು, ಏನೂ ಮಾಡದೆ, ನೋಡುವವರನ್ನು ಹಿಡಿದಿಡುವುದಿದೆಯಲ್ಲ, ಅದಕ್ಕೆ ಬೇರೆ ತಯಾರಿ ಬೇಕು.

2018ರ ಜನವರಿಯಲ್ಲಿ 'ಹೀರೋಯಿನ್'. ಆ ಹಾಡಿನ ಮೇಲೆ ಬೇರೆ ಹಾಡಿನ ನಕಲು ಅನ್ನುವ ಆರೋಪ ಬಂತು, ಹಾಡು ಮಾಡಿದವರು ಅಲ್ಲಗಳೆದರು. ಅದರಲ್ಲಿ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಮುಖ್ಯವಾದದ್ದು ಅದರ ನಂತರದ 'ಸೈರನ್', ಆ ವರ್ಷ ಸೆಪ್ಟೆಂಬರ್‌ನದು. ಈ ಹಾಡನ್ನು ಸನ್ಮಿ ಬರೆದದ್ದು ವಂಡರ್ ಗರ್ಲ್ಸ್‌ನಲ್ಲಿದ್ದಾಗ, ಅವರಿಗಾಗಿಯೇ. ಬ್ಯಾಂಡ್ ರೂಪಕ್ಕೆ ಹೊಂದಲಿಲ್ಲ ಅಂತ ಪಕ್ಕಕ್ಕಿಟ್ಟರು. ಮೂರು ವರ್ಷ ಅದು ಅವಳ ಬಳಿಯೇ ಇತ್ತು. ಸೋಲೋ ಗಾಯಕಿಯಾಗಿ ಅವಳಿಗೆ ತನ್ನದೇ ದನಿ ಇದೆ ಅಂತ ಯಾವ ಹಾಡಿನಿಂದ ಎಲ್ಲರೂ ಒಪ್ಪಿಕೊಂಡರೋ ಆ ಹಾಡು ಹುಟ್ಟಿದ್ದು ಗ್ರೂಪಿನ ಮೇಜಿನ ಮೇಲೆ. ಅಲ್ಲಿಗೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಅಂದುಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಟೈಟಲ್ ಹಾಡುಗಳಲ್ಲಿ ಅವಳ ಕೈ ಇದ್ದೇ ಇದೆ. 'ನ್ವಾರ್', 'ಲಾಲಾಲೇ', 'ಪೊರಾಪಿಪ್ಪಮ್', 'ಟೇಲ್'. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. 'ಟೇಲ್' ನನಗೆ ಅಷ್ಟು ಹಿಡಿಸಲಿಲ್ಲ, ಬೆಕ್ಕಿನ ಹಾಗೆ ಕುಣಿಯುವ ಐಡಿಯಾ ಹಾಡಿಗಿಂತ ದೊಡ್ಡದಾಗಿಬಿಟ್ಟಿತು. 'ಪೊರಾಪಿಪ್ಪಮ್' ಮಾತ್ರ ಸಂಜೆ ಹೊತ್ತು ಬಸ್ಸಿನ ಕಿಟಕಿ ಪಕ್ಕ ಕೂತು ಕೇಳಬೇಕು. ಎಂಬತ್ತರ ದಶಕದ ಸಿಂಥ್, ನಡುವೆ ಕೊಳಲು. 'ಲಾಲಾಲೇ' ಅವಳು ಟೂರಿಗೆ ಹೋಗಿದ್ದಾಗ ಮೆಕ್ಸಿಕೋದಲ್ಲಿ ಬರೆದದ್ದು.

ಆ ಟೂರಿನ ವಿಷಯಕ್ಕೆ ಬಂದರೆ, 2019ರಲ್ಲಿ ಅವಳು ಒಬ್ಬಳೇ ಏಷ್ಯಾ, ಅಮೆರಿಕ, ಯುರೋಪ್ ಸುತ್ತಿದಳು. ಗ್ರೂಪ್ ಕಾನ್ಸರ್ಟಿನಲ್ಲಿ ಒಬ್ಬರು ಹಾಡುವಾಗ ಇನ್ನೊಬ್ಬರು ಬಟ್ಟೆ ಬದಲಾಯಿಸುತ್ತಾರೆ, ನೀರು ಕುಡಿಯುತ್ತಾರೆ. ಇಲ್ಲಿ ಆ ಸೌಕರ್ಯ ಇಲ್ಲ. ಹಾಗಾಗಿ ಅವಳು ಬೇಕಂತಲೇ 8 ಕೆಜಿ ತೂಕ ಹೆಚ್ಚಿಸಿಕೊಂಡು 50ಕ್ಕೆ ಬಂದಳು. ಸಣಕಲಾಗಿರುವುದನ್ನೇ ಶಿಸ್ತು ಅಂತ ಕಲಿಸುವ ಉದ್ಯಮದಲ್ಲಿ, ನನಗೆ ಎರಡು ಗಂಟೆ ಹಾಡಲು ಶಕ್ತಿ ಬೇಕು, ಅದಕ್ಕೇ ತಿಂದೆ ಅನ್ನುವುದು ಸಣ್ಣ ಮಾತಲ್ಲ. ಹಾಡುವುದು ಮೈಯಿಂದ ಮಾಡುವ ಕೂಲಿ ಕೆಲಸ ಅನ್ನುವುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರು ಕಡಿಮೆ.

ಮನಸ್ಸಿನ ವಿಷಯವನ್ನೂ ಅವಳು ಹೀಗೇ ಹೇಳಿದಳು. 2020ರ ಡಿಸೆಂಬರ್‌ನಲ್ಲಿ 'ರನ್ನಿಂಗ್ ಗರ್ಲ್ಸ್' ಅನ್ನುವ ಕಾರ್ಯಕ್ರಮ ಬಂತು. ಸನ್ಮಿ, ಚಂಗ್‌ಹಾ, ಹನಿ, ಯೂಆ, ಚೂ, ಐವರೂ ಗರ್ಲ್ ಗ್ರೂಪಿನಿಂದ ಬಂದವರೇ, ಒಟ್ಟಿಗೆ ಓಡುವುದು, ಮಾತಾಡುವುದು. ಅದರಲ್ಲಿ ಅವಳು ತನಗೆ ಐದು ವರ್ಷದ ಹಿಂದೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳು ಹಿಡಿತಕ್ಕೆ ಸಿಗದ ಮಾನಸಿಕ ಕಾಯಿಲೆ, ಇದೆ ಅಂತ ಗೊತ್ತಾದದ್ದನ್ನು, ಚಿಕಿತ್ಸೆಯಿಂದ ಸುಧಾರಿಸಿದ್ದನ್ನು ಹೇಳಿದಳು. 'ಬಾರ್ಡರ್‌ಲೈನ್' ಅಂತಲೇ ಒಂದು ಹಾಡನ್ನೂ ಬರೆದಿದ್ದಾಳೆ, ಟೂರಿನಲ್ಲಿ ಹಾಡುತ್ತಿದ್ದಳು, 2021ರ ಆಲ್ಬಮ್ಮಿನಲ್ಲಿ ಸೇರಿಸಿದಳು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಐದು ವರ್ಷದ ಹಿಂದೆ ಅಂದರೆ ಹೆಚ್ಚುಕಡಿಮೆ ಬೇಸ್ ಹಿಡಿದ ಕಾಲವೇ. ಇದನ್ನು ಇಟ್ಟುಕೊಂಡು ಕಥೆ ಕಟ್ಟುವುದು ನನಗಿಷ್ಟವಿಲ್ಲ. ಗ್ರೂಪ್ ಅವಳನ್ನು ಕಾಯಿಲೆಗೆ ತಳ್ಳಿತು ಅಂತಾಗಲಿ, ಗುಣ ಮಾಡಿತು ಅಂತಾಗಲಿ ಹೇಳುವ ಹಕ್ಕು ನಮಗಿಲ್ಲ. ಹೇಳಿದ್ದು ಅವಳು, ಅಷ್ಟನ್ನೇ ಕೇಳಿಸಿಕೊಳ್ಳೋಣ.

ಅದೇ 2020ರ ಆಗಸ್ಟಿನಲ್ಲಿ ಇನ್ನೊಂದು ತಮಾಷೆ ಆಯಿತು. ಪಾರ್ಕ್ ಜಿನ್-ಯಂಗ್ ಜೊತೆ 'ವೆನ್ ವಿ ಡಿಸ್ಕೋ' ಹಾಡಿದಳು. ಜೋಡಿ ಹಾಡು, ಜೋಡಿ ಕುಣಿತ. ಅಷ್ಟು ಹೊತ್ತಿಗೆ ಅವಳು ಅವರ ಕಂಪನಿ ಬಿಟ್ಟು ಮೂರು ವರ್ಷ. ಕಂಪನಿ ಬಿಟ್ಟವರ ಹೆಸರನ್ನೇ ಎತ್ತದಿರುವ ಯಜಮಾನರು ಈ ಉದ್ಯಮದಲ್ಲಿ ಬೇಕಾದಷ್ಟಿದ್ದಾರೆ. ಇಲ್ಲಿ ಹಾಗಾಗಲಿಲ್ಲ. ಹಾಡೂ ಸೊಗಸಾಗಿದೆ, ಡಿಸ್ಕೋ ಇಷ್ಟ ಇಲ್ಲದವರು ಕೂಡ ಕಾಲು ಕುಣಿಸುತ್ತಾರೆ.

ನಮ್ಮ ಹುಡುಗಿಗೆ, ಅದೇ ಅಕ್ಕನ ಮಗಳಿಗೆ, ಇದೆಲ್ಲಾ ಹಳೇ ಕಥೆ. ಅವಳಿಗೆ ಸೋಲೋ ಅಂದರೆ ಬ್ಲ್ಯಾಕ್‌ಪಿಂಕ್ ಗ್ರೂಪಿನ ನಾಲ್ವರು ಹುಡುಗಿಯರು. 'ಅಪಾಟೆ' ಹಾಡಿದ ರೋಸೆ ಹಾಟ್ 100ರಲ್ಲಿ 3ನೇ ಸ್ಥಾನ ಮುಟ್ಟಿದಳು, ಎಲ್ಲಿಯ 76, ಎಲ್ಲಿಯ 3 ಅಂತ ನನ್ನನ್ನು ಕಿಚಾಯಿಸುತ್ತಾಳೆ. ಅವಳು ಹೇಳುವುದರಲ್ಲಿ ಒಂದು ವಿಷಯ ನನಗೆ ನಿಜವಾಗಿ ಹೊಟ್ಟೆಕಿಚ್ಚು ತರಿಸುತ್ತದೆ, ಆದರೆ ಅದು ಪಟ್ಟಿಯ ವಿಷಯ ಅಲ್ಲ. 2023ರ ಡಿಸೆಂಬರ್‌ನಲ್ಲಿ ಬ್ಲ್ಯಾಕ್‌ಪಿಂಕ್ ನಾಲ್ವರೂ ಗ್ರೂಪಿನ ಮಟ್ಟಿಗೆ ತಮ್ಮ ಕಂಪನಿ ವೈಜಿ ಜೊತೆ ಒಪ್ಪಂದ ಮುಂದುವರಿಸಿದರು, ಸೋಲೋ ಕೆಲಸಕ್ಕೆ ಹೊರಗೆ ಹೋದರು. ಜೆನ್ನಿ, ಲಿಸಾ ತಮ್ಮದೇ ಕಂಪನಿ ಕಟ್ಟಿದರು, ರೋಸೆ ಬ್ಲ್ಯಾಕ್ ಲೇಬಲ್ ಅನ್ನುವ ಕಂಪನಿ ಸೇರಿದಳು. 2025ರಲ್ಲಿ ನಾಲ್ವರೂ ಒಟ್ಟಿಗೆ ಟೂರ್ ಹೊರಟರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಇಂಥ ಏರ್ಪಾಡು 2017ರಲ್ಲಿ ವಂಡರ್ ಗರ್ಲ್ಸ್‌ಗೆ ಸಿಗಲಿಲ್ಲ. ಇಬ್ಬರು ಉಳಿದರು, ಇಬ್ಬರು ಹೊರಟರು, ಅಂಗಡಿ ಮುಚ್ಚಿತು. ಸಿಕ್ಕಿದ್ದರೆ 'ಗಾಶಿನಾ' ಬರುತ್ತಿತ್ತಾ, 'ಸೈರನ್' ನಾಲ್ವರ ದನಿಯಲ್ಲಿ ಬಂದಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. 'ಗಾಶಿನಾ' ಬಂದೇ ಬರುತ್ತಿತ್ತು ಅಂತ ನನ್ನ ಲೆಕ್ಕ, ಅಷ್ಟು ಹೊತ್ತಿಗೆ ಅವಳು ತಯಾರಾಗಿದ್ದಳು. ಜೊತೆಗೆ ಬ್ಯಾಂಡಿನ ಇನ್ನೊಂದು ಆಲ್ಬಮ್ಮೂ ಸಿಕ್ಕಿರುತ್ತಿತ್ತು, ಯೂಬಿನ್ ಡ್ರಮ್ಸ್ ಮೇಲೆ, ಪಕ್ಕದಲ್ಲಿ ಸನ್ಮಿ ಬೇಸ್. ಅದೊಂದು ಸಾಲ ಆ ಕಂಪನಿಯ ಮೇಲೆ ಹಾಗೇ ಉಳಿದಿದೆ, ನನ್ನ ಪುಸ್ತಕದಲ್ಲಂತೂ.